ಧೂಳಿನ ಕಾಲಂ, ಉಸಿರಿನ ಕಾಲಂ

2006ನೆಯ ಇಸವಿ ನವೆಂಬರ್ 6, ಸೋಮವಾರ. ಆಧಾರ: ಆ ವರ್ಷದ ನನ್ನ ದಿನಚರಿ, ಹಸಿರು ರಟ್ಟಿನದು. ಅಂದಿನ ಪುಟದಲ್ಲಿ ಒಂದೇ ವಾಕ್ಯವಿದೆ: "ಬೆಳಿಗ್ಗೆ ಏಳಕ್ಕೆ ಮಾಳಿಗೆಯ ಮೇಲೆ ತಟ್ಟೆ ಇಟ್ಟೆ." ತಾರೀಖಿಗೂ ವಾರಕ್ಕೂ ಹೊಂದಿಕೆಯಿದೆಯೇ ಎಂದು ಅದೇ ವರ್ಷದ ಪಂಚಾಂಗದೊಡನೆ ತಾಳೆ ನೋಡಿದ್ದೇನೆ, ಇದೆ. ಮುಂದೆ ಬರೆಯುವ ಪ್ರತಿಯೊಂದು ತಾರೀಖನ್ನೂ ಹೀಗೆಯೇ ಪರಿಶೀಲಿಸಿದ್ದೇನೆ. ಒಂದು ಕಡೆ ಮಾತ್ರ ಪರಿಶೀಲನೆ ನನ್ನ ವಿರುದ್ಧವಾಗಿಯೇ ನಿಂತಿತು. ಅದನ್ನು ಅದರ ಸ್ಥಳದಲ್ಲಿ ಹೇಳುತ್ತೇನೆ.

ಆಗ ನಾನು ನಿವೃತ್ತನಾಗಿ ನಾಲ್ಕು ವರ್ಷವಾಗಿತ್ತು. ಕೆಲಸದಲ್ಲಿದ್ದಷ್ಟು ಕಾಲವೂ ತುಂಗಭದ್ರಾ ಡ್ಯಾಂ ಬಳಿಯ ಒಂದು ಪ್ರಯೋಗಾಲಯದಲ್ಲಿ ಹೂಳನ್ನು ಅಳೆದವನು. ನದಿ ಒಂದು ಮಳೆಗಾಲದಲ್ಲಿ ಎಷ್ಟು ಮಣ್ಣು ತರುತ್ತದೆ, ಅದು ಎಲ್ಲಿ ಕೂರುತ್ತದೆ ಎಂಬುದರಾಚೆ ನನಗೆ ಹೆಚ್ಚೇನೂ ತಿಳಿದಿರಲಿಲ್ಲ. ಕ್ವಾರ್ಟರ್ಸ್ ಬಿಟ್ಟ ಮೇಲೆ ಹೊಸಪೇಟೆಯಲ್ಲಿ ಒಂದು ಮನೆ ಕಟ್ಟಿಸಿ, ನಾನೂ ನನ್ನ ಅಕ್ಕನೂ ಅಲ್ಲಿ ಇರತೊಡಗಿದ್ದೆವು. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು, ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದವಳು. ಬಾಡಿಗೆ ಮನೆಗಳಲ್ಲಿಯೇ ಆಯುಷ್ಯ ಕಳೆದ ಅವಳಿಗೆ ಅದು ತನ್ನದೆನ್ನುವ ಮೊದಲ ಮನೆ. ಅಂಗಳವಿಲ್ಲದ ನಿವೇಶನವಾದ್ದರಿಂದ ತುಳಸಿಕಟ್ಟೆಯನ್ನು ಮಾಳಿಗೆಯ ಮೇಲೆ ಕಟ್ಟಿಸಿಕೊಂಡಿದ್ದಳು. ಮೆಟ್ಟಿಲು ಹದಿನೇಳು.

ನಮ್ಮ ಬೀದಿಯ ತುದಿಯ ರಸ್ತೆಯಲ್ಲಿ ಸಂಡೂರಿನ ಕಡೆಯಿಂದ ಕಬ್ಬಿಣದ ಅದಿರಿನ ಲಾರಿಗಳು ಬರುತ್ತಿದ್ದವು. ಆ ವರ್ಷಗಳಲ್ಲಿ ಊರಿನಲ್ಲಿ ಯಾರೂ ಧೂಳಿನ ವಿಷಯ ಮಾತನಾಡುತ್ತಿರಲಿಲ್ಲ. ಮಾತನಾಡಲು ಅದರಲ್ಲಿ ಹೊಸದೇನೂ ಇರಲಿಲ್ಲ. ಒಣಹಾಕಿದ ಬಿಳಿ ಪಂಚೆ ಸಂಜೆಯ ಹೊತ್ತಿಗೆ ಕಾವಿಯಾಗುತ್ತಿತ್ತು. ಇಡ್ಲಿ ಅಂಗಡಿಯವರು ಬಾಗಿಲಿಗೆ ಒದ್ದೆ ಗೋಣಿಯ ಪರದೆ ಬಿಟ್ಟಿದ್ದರು. ಎದುರಿನ ಬೇವಿನ ಮರದ ಎಲೆ ಮೇಲ್ಮೈಯಲ್ಲಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ತಿರುವಿ ನೋಡಿದರೆ ಮಾತ್ರ ಹಸಿರು. ಅಕ್ಕನ ಕೆಮ್ಮು ಆ ವರ್ಷದ ದಸರೆಯ ಹೊತ್ತಿಗೆ ಆರಂಭವಾಗಿ, ದೀಪಾವಳಿಯಲ್ಲಿ ಉಬ್ಬಸವಾಯಿತು.

ಡಾಕ್ಟರು ಅವಳ ಎದೆಯನ್ನು ಬಹಳ ಹೊತ್ತು ಆಲಿಸಿದರು. ಆಮೇಲೆ ಉಸಿರಿನ ಬಲವನ್ನು ಅಳೆಯುವ, ಅಂಕಿ ಕೊರೆದ ಒಂದು ಪ್ಲಾಸ್ಟಿಕ್ ಕೊಳವೆಯನ್ನು ಕೊಟ್ಟು, ದಿನವೂ ಬೆಳಿಗ್ಗೆ ಮೂರು ಸಲ ಊದಿಸಿ ಕೆಂಪು ಮುಳ್ಳು ತಲುಪಿದ ಹೆಚ್ಚಿನ ಅಂಕಿಯನ್ನು ಬರೆದಿಡಿ ಎಂದರು. ಔಷಧದ ಚೀಟಿಯನ್ನು ನನ್ನ ಕೈಗಿತ್ತು ತಗ್ಗಿದ ದನಿಯಲ್ಲಿ, "ಔಷಧ ಅರ್ಧಾ ಕೆಲಸ ಮಾಡ್ತದ್ರಿ. ಇನ್ನರ್ಧಾ ಇವ್ರು ಈ ಊರು ಬಿಟ್ರ ಆಗ್ತದ" ಎಂದರು.

ಬಿಡಲು ಜಾಗವಿಲ್ಲದೆ ಇರಲಿಲ್ಲ. ನಮ್ಮ ತಂಗಿ ಕಂಪ್ಲಿಯಲ್ಲಿದ್ದಳು. ನದಿಯ ಕಡೆಗೆ ಮುಖ ಮಾಡಿದ, ಗದ್ದೆಗಳ ನಡುವಿನ ಮನೆ. ಆದರೆ ಅಕ್ಕ ಮನೆ ಬಿಡುವ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಬಲವಂತ ಮಾಡುವ ಧೈರ್ಯ ನನಗಿರಲಿಲ್ಲ. ಆದ್ದರಿಂದ ನಾನು ಬಲ್ಲ ಒಂದೇ ದಾರಿಯನ್ನು ಹಿಡಿದೆ. ಅಳೆಯೋಣ ಎಂದೆ. ಧೂಳು ಎಷ್ಟು ಬೀಳುತ್ತದೆ, ಉಸಿರು ಎಷ್ಟು ಬರುತ್ತದೆ, ಎರಡನ್ನೂ ಎರಡು ಕಾಲಂಗಳಲ್ಲಿ ಬರೆಯೋಣ. ಅವು ಏನು ಹೇಳುತ್ತವೆಯೋ ಹಾಗೆ ಇರುವುದು, ಇಲ್ಲವೇ ಹೊರಡುವುದು. ಅಕ್ಕ ಒಪ್ಪಿದಳು. "ನಿನ್ನ ಲೆಕ್ಕ ಇಲ್ಲಿರಬ್ಯಾಡ ಅಂದ್ರ ನಾ ಹೋಗ್ತೀನಿ. ಡಾಕ್ಟ್ರು ಬ್ಯಾಡಂದ್ರ ಅಲ್ಲ" ಎಂದಳು. ಆ ಒಂದು ಮಾತಿನಿಂದ ಅವಳ ಉಸಿರಿನ ಹೊಣೆ ನನ್ನ ಎರಡು ಕಾಲಂಗಳ ಮೇಲೆ ಬಂದು ಕುಳಿತಿತು.

ಕ್ರಮವನ್ನು ವಿವರವಾಗಿಯೇ ಹೇಳಬೇಕು. ತಪ್ಪು ಇದ್ದದ್ದು ಅಲ್ಲಿಯೇ. ಅಡುಗೆಮನೆಯಲ್ಲಿ ಹಳೆಯದೊಂದು ಬಿಳಿ ಪಿಂಗಾಣಿ ಲೇಪದ ಊಟದ ತಟ್ಟೆಯಿತ್ತು. ಅದನ್ನು ತುಳಸಿಕಟ್ಟೆಯ ಎದುರಿನ ತಗ್ಗು ಗೋಡೆಯ ಮೇಲೆ ಬೆಳಿಗ್ಗೆ ಏಳಕ್ಕೆ ಇಡುವುದು. ಮಾರನೆಯ ದಿನ ಅದೇ ಹೊತ್ತಿಗೆ, ಕಾಲುವೆಯ ದಂಡೆಯ ವಾಯುವಿಹಾರ ಮುಗಿಸಿ ಬಂದು, ಮೊದಲೇ ತೂಗಿಟ್ಟ ಅರಳೆಯಿಂದ ತಟ್ಟೆಯ ಧೂಳನ್ನು ಒರೆಸಿ, ಅಕ್ಕಸಾಲಿಗರು ಬಳಸುವಂಥ ಸಣ್ಣ ತಕ್ಕಡಿಯಲ್ಲಿ ಮತ್ತೆ ತೂಗುವುದು. ಇಪ್ಪತ್ನಾಲ್ಕು ಗಂಟೆಯ ಧೂಳು ಒಂದು ಕಾಲಂ. ಬಳಿಕ ಕಾಫಿಗೆ ಮುಂಚೆ ಅಕ್ಕ ಕೊಳವೆ ಊದುವುದು. ಅದು ಇನ್ನೊಂದು ಕಾಲಂ. ಕೊನೆಯಲ್ಲಿ ಷರಾ ಬರೆಯಲು ಒಂದಿಷ್ಟು ಜಾಗ.

ಎರಡನೆಯ ವಾರದ ಹೊತ್ತಿಗೇ ದಿನಗಳಲ್ಲಿ ಎರಡು ಬಗೆ ಕಾಣಿಸಿದವು. ಕೆಲವು ಬೆಳಿಗ್ಗೆ ಅರಳೆ ಹೆಚ್ಚುಕಡಿಮೆ ಬೆಳ್ಳಗೇ ಇರುತ್ತಿತ್ತು. ಕೆಲವು ಬೆಳಿಗ್ಗೆ ಕುಂಕುಮ ಒರೆಸಿದಂತಾಗುತ್ತಿತ್ತು. ಬೆಳ್ಳಗಿದ್ದ ದಿನ ಅಕ್ಕನ ಉಸಿರು ಇನ್ನೂರರ ಮೇಲೆ. ಕೆಂಪಾದ ದಿನ ನೂರೈವತ್ತು ದಾಟುತ್ತಿರಲಿಲ್ಲ. ಮೊದಲಿನವಕ್ಕೆ ಹಗುರ ದಿನ ಎಂದೂ ಎರಡನೆಯವಕ್ಕೆ ಭಾರದ ದಿನ ಎಂದೂ ಹೆಸರಿಟ್ಟೆ. ಭಾರದ ದಿನಗಳಲ್ಲಿ ಕಿಟಕಿ ಮುಚ್ಚಿ ಅವಳನ್ನು ಒಳಕೋಣೆಯಲ್ಲಿ ಕೂರಿಸುತ್ತಿದ್ದೆ. ಹಗುರ ದಿನಗಳಲ್ಲಿ ಕಿಟಕಿ ತೆರೆಸಿ, ಮಾಳಿಗೆಗೆ ಹೋಗು, ಬೇಕಾದಷ್ಟು ಹೊತ್ತು ಕೂತಿರು ಎಂದು ನಾನೇ ಹೇಳುತ್ತಿದ್ದೆ. ಅವಳು ಸಂತೋಷದಿಂದ ಹೋಗುತ್ತಿದ್ದಳು. ಡಿಸೆಂಬರ್ ಮೊದಲ ವಾರದ ಒಂದು ಹಗುರ ದಿನ ಮಧ್ಯಾಹ್ನದವರೆಗೂ ಮೇಲೆಯೇ ಕುಳಿತು ಅರಳಿನ ಸಂಡಿಗೆ ಇಟ್ಟಳು. ಮಾರನೆಯ ಬೆಳಿಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಮಾಳಿಗೆಗೆ ಹೋಗಿ ನೋಡಿದರೆ ತಟ್ಟೆ ಕೆಂಪಾಗಿತ್ತು. ನನ್ನ ಊಹೆಗೆ ಇನ್ನೊಂದು ಪುಷ್ಟಿ ದೊರೆಯಿತೆಂದು ಅಂದು ಬರೆದಿದ್ದೇನೆ.

ಇನ್ನೊಂದು ನಮೂದನ್ನೂ ಇಲ್ಲಿ ಹೇಳಬೇಕು. ನವೆಂಬರ್ 23ರ ಗುರುವಾರ ನಾವಿಬ್ಬರೂ ಹಂಪಿಗೆ ಹೋಗಿ, ಪರಿಚಯದ ಅರ್ಚಕರೊಬ್ಬರ ಮನೆಯಲ್ಲಿ ಒಂದು ರಾತ್ರಿ ಉಳಿದೆವು. ಮಾರನೆಯ ಬೆಳಿಗ್ಗೆ ನದಿಯ ಮೆಟ್ಟಿಲ ಮೇಲೆ ಕುಳಿತು ಅಕ್ಕ ಕೊಳವೆ ಊದಿದಳು. ಸ್ನಾನಕ್ಕೆ ಬಂದಿದ್ದ ಹೆಂಗಸೊಬ್ಬಳು, ಇದು ಯಾವ ದೇವರ ಸೇವೆ ಎಂದು ಕೇಳಿದಳು. ಅಕ್ಕ ನಗುತ್ತ, "ನಮ್ಮ ತಮ್ಮನ ಸೇವಾರೀ" ಎಂದಳು. ಕೆಂಪು ಮುಳ್ಳು ಮುನ್ನೂರರ ಹತ್ತಿರ ಹೋಯಿತು. ಇಡೀ ಕಾಲಂನಲ್ಲಿ ಅದಕ್ಕಿಂತ ದೊಡ್ಡ ಅಂಕಿ ಇಲ್ಲ. ಮನೆಗೆ ಬಂದು ತಟ್ಟೆ ನೋಡಿದಾಗ ಮಧ್ಯಾಹ್ನವಾಗಿತ್ತು. ಅಂದಿನವರೆಗೆ ಅಷ್ಟು ಧೂಳು ಬಿದ್ದದ್ದೇ ಇಲ್ಲ. ಎಲ್ಲಕ್ಕಿಂತ ಹೆಚ್ಚು ಧೂಳು, ಎಲ್ಲಕ್ಕಿಂತ ಹೆಚ್ಚು ಉಸಿರು. ಅವಧಿ ಬೇರೆ, ಸ್ಥಳ ಬೇರೆ ಎಂದು ಕಾರಣ ಕೊಟ್ಟು ಆ ಸಾಲನ್ನು ಹೊಡೆದುಹಾಕಿದೆ. ವೃತ್ತಿಯಲ್ಲಿ ಇಂಥ ಸಾಲುಗಳನ್ನು ಹೊಡೆದುಹಾಕುವುದು ರೂಢಿಯೇ ಆಗಿತ್ತು.

ಚಾರ್ಟ್ ಮಾಡಿಸಿದ್ದು ಡಿಸೆಂಬರ್ 20, ಬುಧವಾರ. ಆಧಾರ ಅದೇ ದಿನಚರಿ. ಸರ್ವೀಸಿನಲ್ಲಿ ನಾನು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ಚುಕ್ಕಿ ಇಡುತ್ತಿದ್ದವನು. ಅಷ್ಟರಲ್ಲಿ ಕಣ್ಣಿಗೆ ಪೊರೆ ಬಂದು ಸಣ್ಣ ಚೌಕಗಳು ಒಂದರೊಳಗೊಂದು ಬೆರೆಯುತ್ತಿದ್ದವು. ಹಾಗಾಗಿ ಬಸ್ ಸ್ಟ್ಯಾಂಡಿನ ಹಿಂದಿನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋದೆ. ಅಲ್ಲಿ ಟೈಪ್‌ರೈಟರುಗಳು ಮುಸುಕು ಹೊದ್ದು ಗೋಡೆಗೆ ಸರಿದಿದ್ದವು. ಅವುಗಳ ಮೇಜಿನ ಮೇಲೆ ನಾಲ್ಕು ಕಂಪ್ಯೂಟರ್ ಬಂದಿದ್ದವು. ನಡೆಸುತ್ತಿದ್ದವರು ಐವತ್ತರ ಆಸುಪಾಸಿನ ಹೆಂಗಸು, ಎಲ್ಲರಿಗೂ ಮೇಡಂ. ನನ್ನ ನಲವತ್ಮೂರು ಸಾಲುಗಳನ್ನು ಅವರು ಕೀಲಿಮಣೆ ನೋಡದೆಯೇ ತುಂಬಿದರು. ಬಳಿಕ ಮೌಸನ್ನು ನನ್ನ ಕೈಗೆ ಕೊಟ್ಟು, ಎರಡೂ ಕಾಲಂಗಳನ್ನು ಮೇಲಿನ ಹೆಸರಿನ ಸಮೇತ ಎಳೆದು ಕಪ್ಪಾಗಿಸಿ, ಚಾರ್ಟಿನ ಗುರುತನ್ನು ಒತ್ತಿ ಎಂದರು.

ಒತ್ತಿದೆ. ಎರಡು ಗೆರೆಗಳು ಬಂದವು. ಒಂದು ಮೇಲೆ ಹಾವಿನಂತೆ ಏರಿಳಿಯಿತು, ಇನ್ನೊಂದು ಕೆಳಗೆ ತೆವಳಿತು. ಅವುಗಳಿಂದ ಏನೂ ತಿಳಿಯುವಂತಿರಲಿಲ್ಲ.

"ಗೆರಿ ಬ್ಯಾಡ್ರಿ ಸರ್," ಎಂದರು ಮೇಡಂ. "ಬರೇ ಚುಕ್ಕಿ ಇಡೋದು ಐತಿ, ಅದನ್ನ ಆರಿಸ್ರಿ. ಧೂಳು ಅಡ್ಡಕ್ಕ, ಉಸಿರು ಉದ್ದಕ್ಕ. ಒಂದು ದಿನಕ್ಕ ಒಂದೇ ಚುಕ್ಕಿ. ರಂಗೋಲಿ ಇದ್ದಂಗ, ಎಳಿ ಎಳಿಯೂದು ಆಮ್ಯಾಲೆ."

ಆರಿಸಿದೆ. ಪರದೆಯ ಎಡಭಾಗದಲ್ಲಿ ಮೇಲುಗಡೆ ಚುಕ್ಕಿಗಳ ಒಂದು ಗುಂಪು, ಬಲಭಾಗದಲ್ಲಿ ಕೆಳಗಡೆ ಇನ್ನೊಂದು. ಧೂಳು ಕಡಿಮೆ, ಉಸಿರು ಹೆಚ್ಚು; ಧೂಳು ಹೆಚ್ಚು, ಉಸಿರು ಕಡಿಮೆ. ಮೇಡಂ ಎರಡರ ನಡುವೆ ಒಂದು ಸರಳರೇಖೆಯನ್ನೂ ಹಾಕಿಸಿಕೊಟ್ಟರು. ನನ್ನ ವೃತ್ತಿಜೀವನದಲ್ಲಿ ಅಷ್ಟು ನಿಚ್ಚಳವಾದ ಸಂಬಂಧವನ್ನು ನಾನು ಕಂಡಿರಲಿಲ್ಲ. ಮೇಡಂ ಮಾತ್ರ ಪರದೆಯ ನಡುಭಾಗವನ್ನೇ ದಿಟ್ಟಿಸುತ್ತಿದ್ದರು.

"ನಡುವ ಯಾರೂ ಇಲ್ಲಲ್ರಿ ಸರ್. ಒಂದರೆ ಸಾಧಾರಣ ದಿನ ಇರಬೇಕಲ್ಲ? ಧೂಳಿಗೆ ಹಿಂಗ ಬರೋದಂದ್ರ ಪೂರಾ ಬರ್ತೀನಿ, ಇಲ್ಲಂದ್ರ ಬರಂಗೇ ಇಲ್ಲ ಅಂತ ಹಟ ಐತೇನು?"

ಲಾರಿಗಳು ಓಡುವ ದಿನ, ಓಡದ ದಿನ ಎಂದೇನೋ ವಿವರಣೆ ಕೊಟ್ಟೆ. ಅವರು ತಲೆಯಾಡಿಸಿದರು, ಒಪ್ಪಿದಂತೆ ಕಾಣಲಿಲ್ಲ. ಫೈಲನ್ನು ಸಿ.ಡಿ.ಗೆ ಹಾಕಿಸಿ, ಚಾರ್ಟನ್ನು ಮುದ್ರಿಸಿಕೊಂಡು ಮನೆಗೆ ಬಂದೆ.

ಅಕ್ಕ ಕನ್ನಡಕ ಹಾಕಿಕೊಂಡು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಮೇಲಿನ ಎಡಗಡೆಯ ಚುಕ್ಕಿಗಳನ್ನು ಬೆರಳಿನಿಂದ ಎಣಿಸಿದಳು. ಮೂವತ್ತೊಂದು. ಕೆಳಗಿನವು ಹನ್ನೆರಡು. ಒಳ್ಳೆಯ ದಿನಗಳೇ ಹೆಚ್ಚಲ್ಲ ಎಂದಳು. ಕೆಟ್ಟ ದಿನಗಳಲ್ಲಿ ಒಳಗಿದ್ದರಾಯಿತು, ಸದ್ಯಕ್ಕೆ ಊರು ಬಿಡಬೇಕಾದ್ದಿಲ್ಲ ಎಂದು ನಾನು ಹೇಳಿದೆ. ಡಾಕ್ಟರಿಗೂ ಅದನ್ನೇ ಹೇಳಿದೆ. ಅವರು ಹಾಳೆಯನ್ನು ನೋಡಿ, ನೀವು ಸಂಶೋಧಕರು, ನಾನೇನು ಹೇಳಲಿ ಎಂದಷ್ಟೇ ಅಂದು ಹಾಳೆಯನ್ನು ಮಡಿಸಿ ಹಿಂದಕ್ಕೆ ಕೊಟ್ಟರು. ಅಕ್ಕ ಅದನ್ನು ಅಡುಗೆಮನೆಯ ಗೋಡೆಗೆ, ಪಂಚಾಂಗದ ಪಕ್ಕದಲ್ಲಿ ಅಂಟಿಸಿದಳು.

ಆ ಮೇಲಿನ ನಾಲ್ಕು ವಾರಗಳಲ್ಲಿ ಭಾರದ ದಿನಗಳು ಹತ್ತಿರ ಹತ್ತಿರ ಬರತೊಡಗಿದವು. ಹಗುರ ದಿನಗಳ ಧೂಳೂ ಸ್ವಲ್ಪ ಏರಿತ್ತು. ಕಾರಣ ಹೊಳೆಯದೆ ಷರಾ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ.

ಕಾರಣ ತಿಳಿದದ್ದು 2007ರ ಜನವರಿ 17, ಬುಧವಾರ. ಅಂದು ಹಿಮ್ಮಡಿ ನೋವಿನಿಂದ ನಾನು ವಾಯುವಿಹಾರಕ್ಕೆ ಹೋಗಿರಲಿಲ್ಲ. ಬೆಳಗಾಗುವ ಹೊತ್ತಿಗೆ ಮಾಳಿಗೆಯ ಮೇಲೆ ನೀರಿನ ಸದ್ದು ಕೇಳಿ ಮೆಟ್ಟಿಲು ಹತ್ತಿದೆ. ಅಕ್ಕ ಒಂದು ಕೈಯನ್ನು ಗೋಡೆಗೆ ಊರಿಕೊಂಡು, ತುಳಸಿಗೆ ಎರೆದು ಉಳಿದ ತಂಬಿಗೆಯ ನೀರಿನಲ್ಲಿ ನನ್ನ ಬಿಳಿ ತಟ್ಟೆಯನ್ನು ತೊಳೆಯುತ್ತಿದ್ದಳು. ಸುರಿದ ನೀರು ಕೆಂಪಗೆ ಹರಿದು ತೂಬಿನತ್ತ ಹೋಗುತ್ತಿತ್ತು. ತೊಳೆದು, ಸೆರಗಿನಿಂದ ಒರೆಸಿ, ಇದ್ದ ಜಾಗದಲ್ಲಿಯೇ ಇಟ್ಟಳು.

"ಏನ್ ಮಾಡ್ಲಿಕ್ಕತ್ತೀ ಅಕ್ಕ?"

"ಕಾಣವಲ್ತೇನು, ತಟ್ಟಿ ತೊಳೀಲಿಕ್ಕತ್ತೀನಿ. ದಿನಾ ತೊಳೀತೀನಲ್ಲ."

"ದಿನಾ?"

"ಆಗದಿದ್ದ ದಿನ ಬಿಟ್ಟು. ಮೆಟ್ಲಾ ಹತ್ಲಿಕ್ಕೆ ಉಸಿರು ಬರಬೇಕಲ್ಲ." ಅವಳು ಸ್ವಲ್ಪ ಹೊತ್ತು ನಿಂತು ಉಸಿರೆಳೆದುಕೊಂಡಳು. "ಉಣ್ಣೂ ತಟ್ಟಿ ರಾತ್ರಿಯೆಲ್ಲಾ ಬಿದ್ದಿತ್ತಂದ್ರ ಮುಸುರಿ ಇದ್ದಂಗ, ತುಳಸಿ ಮುಂದ ಹಂಗ ಬಿಟ್ಟು ಪೂಜಾ ಮಾಡ್ಲೇನು? ನಿನ್ನ ಧೂಳಿಗೇನು, ಮತ್ತ ಬೀಳ್ತದ."

ಊಟದ ಪಾತ್ರೆ ತೊಳೆಯದೆ ರಾತ್ರಿ ಕಳೆದರೆ ಮುಸುರೆ. ಅದರ ಎದುರಿಗೆ ಪೂಜೆಯಿಲ್ಲ. ನಮ್ಮ ಮನೆಗಳಲ್ಲಿ ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಅಷ್ಟು ಸಹಜವಾದದ್ದು. ಅದರಲ್ಲಿ ಯಾರೂ ಉಣ್ಣುತ್ತಿರಲಿಲ್ಲ ಎಂಬುದು ಅವಳ ಮಡಿಗೆ ಲೆಕ್ಕಕ್ಕಿರಲಿಲ್ಲ. ತುಳಸಿಯ ಎದುರಿಗೆ ಊಟದ ತಟ್ಟೆ ಇಟ್ಟವನು ನಾನು. ಎರಡು ತಿಂಗಳಲ್ಲಿ ಒಂದು ಸಲವೂ, ತಟ್ಟೆಯನ್ನು ಯಾರಾದರೂ ಮುಟ್ಟುತ್ತಾರೆಯೇ ಎಂದು ಕೇಳಿರಲಿಲ್ಲ.

ಕೆಳಗಿಳಿದು ನೋಟ್‌ಬುಕ್ ತೆರೆದೆ. ಎಲ್ಲವೂ ಅಲ್ಲಿಯೇ ಇತ್ತು. ಹಲವು ದಿನ ತಟ್ಟೆಯ ಅಂಚಿನಲ್ಲಿ ತೇವ ಕಂಡು ಷರಾದಲ್ಲಿ ಇಬ್ಬನಿ ಎಂದು ಬರೆದಿದ್ದೆ. ಆ ಇಬ್ಬನಿ ಒಂದೇ ಒಂದು ಭಾರದ ದಿನವೂ ಬಿದ್ದಿರಲಿಲ್ಲ. ಹಗುರ ದಿನಗಳ ಧೂಳು ಏರತೊಡಗಿದ್ದು ಧನುರ್ಮಾಸದ ಮೊದಲ ದಿನದಿಂದ. ಅಂದಿನಿಂದ ಅಕ್ಕ ಪೂಜೆಗೆ ಇನ್ನೂ ಬೇಗ ಏಳುತ್ತಿದ್ದಳು. ತೊಳೆದ ತಟ್ಟೆ ನಾನು ಬರುವವರೆಗೆ ಅಷ್ಟು ಹೆಚ್ಚು ಹೊತ್ತು ಬಯಲಿನಲ್ಲಿರುತ್ತಿತ್ತು. ಹಂಪಿಗೆ ಹೋದ ದಿನ ತಟ್ಟೆ ತುಂಬಿದ್ದೇಕೆಂದರೆ ತೊಳೆಯುವವಳು ಮನೆಯಲ್ಲಿರಲಿಲ್ಲ. ಧೂಳು ಹೆಚ್ಚಾದ ದಿನ ಅವಳ ಉಸಿರು ಕುಗ್ಗುತ್ತಿತ್ತೆಂದು ನಾನು ತಿಳಿದಿದ್ದೆ. ನಿಜದಲ್ಲಿ, ಉಸಿರು ಕುಗ್ಗಿದ ದಿನ ಅವಳು ಮೆಟ್ಟಿಲು ಹತ್ತುತ್ತಿರಲಿಲ್ಲ, ಆದ್ದರಿಂದ ಧೂಳು ತಟ್ಟೆಯಲ್ಲಿ ಉಳಿಯುತ್ತಿತ್ತು. ಧೂಳು ಎಲ್ಲ ದಿನವೂ ಅಷ್ಟೇ ಬೀಳುತ್ತಿತ್ತು. ಹಗುರ ದಿನವೆಂಬುದು ಒಂದೂ ಇರಲಿಲ್ಲ. ಅಕ್ಕ ಎಣಿಸಿ ಗೋಡೆಗೆ ಅಂಟಿಸಿದ ಆ ಮೂವತ್ತೊಂದು ಬೆಳಗುಗಳಲ್ಲಿ, ಕಿಟಕಿ ತೆರೆದು ಅವಳನ್ನು ಧೂಳಿನ ನಡುವೆ ಕೂರಿಸಿದವನು ನಾನು.

ಇಲ್ಲಿಯವರೆಗೆ ನೆನಪಿಗೂ ದಾಖಲೆಗೂ ವಿರೋಧವಿಲ್ಲ.

ಮುಂದಿನದು ನೆನಪು. ಮಾರನೆಯ ದಿನ, ಎಂದರೆ ಜನವರಿ 18ರ ಗುರುವಾರ, ಬೆಳಿಗ್ಗೆಯ ಬಸ್ಸಿನಲ್ಲಿ ಅಕ್ಕನನ್ನು ಕಂಪ್ಲಿಗೆ ಕರೆದೊಯ್ದೆ. ಅವಳು ಮೂಗಿಗೆ ಒದ್ದೆ ಕರವಸ್ತ್ರ ಹಿಡಿದಿದ್ದಳು. ತೊಡೆಯ ಮೇಲೆ ಸಂಡಿಗೆಯ ಡಬ್ಬಿ. ಕಾಲುವೆ ದಾಟಿದ ಮೇಲೆ ಗದ್ದೆಯ ಗಾಳಿ ಬಂತು, ಅವಳು ಕರವಸ್ತ್ರ ತೆಗೆದಳು. ತಂಗಿ ಬಾಗಿಲಲ್ಲಿಯೇ ನಿಂತಿದ್ದಳು. ಈ ಪ್ರಯಾಣದ ಒಂದೊಂದು ತಿರುವೂ ನನ್ನ ಕಣ್ಣ ಮುಂದಿದೆ. ಅಕ್ಕ ಕಂಪ್ಲಿಯಲ್ಲಿ ನಾಲ್ಕು ವರ್ಷ ಬದುಕಿದಳು. ಮತ್ತೆ ಒಂದು ಮೆಟ್ಟಿಲನ್ನೂ ಹತ್ತಲಿಲ್ಲ. ಮನೆಗೆ ಬಂದವರಿಗೆಲ್ಲ ಅವಳು ಹೇಳುತ್ತಿದ್ದದ್ದು ಒಂದೇ: "ಗೊತ್ತಾದ ಮರುದಿನಾನ ನಮ್ಮ ತಮ್ಮ ನನ್ನ ಇಲ್ಲಿಗೆ ಕರ್ಕೊಂಬಂದ." ನಾನು ಪಕ್ಕದಲ್ಲಿ ಕುಳಿತು ಕೇಳುತ್ತಿದ್ದೆ. 2007ರ ದಿನಚರಿಯಲ್ಲಿ ಜನವರಿ 18ರಿಂದ ಪುಟಗಳು ಖಾಲಿಯಿವೆ. ಆ ಖಾಲಿ ಪುಟಗಳನ್ನೇ ಪ್ರಯಾಣದ ಪುರಾವೆಯೆಂದು ಇಷ್ಟು ಕಾಲ ನಂಬಿದ್ದೆ.

ಈ ಲೇಖನಕ್ಕೆಂದು ಹಳೆಯ ಸಿ.ಡಿ.ಗಳನ್ನು ತೆರೆಸಿದಾಗ ಅದೇ ಫೈಲಿನ ಇನ್ನೊಂದು ಪ್ರತಿ ಸಿಕ್ಕಿತು. ಕೊನೆಯ ಬಾರಿ ಉಳಿಸಿದ ದಿನಾಂಕ: 2007ರ ಫೆಬ್ರುವರಿ 9, ಶುಕ್ರವಾರ. ಇನ್‌ಸ್ಟಿಟ್ಯೂಟಿನ ಕಂಪ್ಯೂಟರಿನ ಗಡಿಯಾರ ತಪ್ಪಿರಬಹುದೆಂದು ಮೊದಲು ಎಣಿಸಿದೆ. ಆದರೆ ಒಳಗಿನ ಸಾಲುಗಳಿಗೆ ತಾರೀಖು ಕೊಟ್ಟದ್ದು ಗಡಿಯಾರವಲ್ಲ, ನಾನು. ಜನವರಿ 18ರಿಂದ ಫೆಬ್ರುವರಿ 8ರವರೆಗೆ, ಒಂದು ದಿನವೂ ಬಿಡದೆ, ಇಪ್ಪತ್ತೆರಡು ಸಾಲುಗಳಿವೆ. ಮೊದಲ ಸಾಲಿನ ಷರಾ: "ತಟ್ಟೆ ಮುಟ್ಟಬಾರದೆಂದು ಅಕ್ಕನಿಗೆ ಹೇಳಲಾಗಿದೆ. ಸರಿಯಾದ ದತ್ತಾಂಶ ಇಂದಿನಿಂದ." ಇಪ್ಪತ್ತೆರಡು ಸಾಲುಗಳ ಧೂಳೂ ಭಾರವೇ. ಉಸಿರಿನ ಕಾಲಂ ಸಾಲಿನಿಂದ ಸಾಲಿಗೆ ಇಳಿಯುತ್ತದೆ. ಪಕ್ಕದಲ್ಲಿ ಚಾರ್ಟಿದೆ, ಚುಕ್ಕಿಗಳೆಲ್ಲ ಬಲಭಾಗದಲ್ಲಿ ಒಂದರ ಕೆಳಗೊಂದು ಬಿದ್ದಿವೆ. ಅದರಲ್ಲಿ ಯಾವ ದೋಷವೂ ನನಗೆ ಕಾಣುವುದಿಲ್ಲ.

ಚುಕ್ಕಿಗಳು ಇಪ್ಪತ್ತೊಂದು. ಫೆಬ್ರುವರಿ 8ರ ಸಾಲಿನಲ್ಲಿ ಧೂಳಿನ ತೂಕವಿದೆ, ಉಸಿರಿನ ಮನೆ ಖಾಲಿ. ಷರಾ: "ಊದಲಾಗಲಿಲ್ಲ."